ತಿನ್ನು ಎಂದರೆ ಹತ್ತು ಬಸ್ಕಿ

ನಮ್ಮ ಸೋದರಮಾವ ಬಡಿದು ನೋಡದೆ ಈ ಲೋಕದಲ್ಲಿ ಯಾವುದನ್ನೂ ನಂಬಿದವನಲ್ಲ. ಬಡಿಯುವುದೆಂದರೆ ಹೊಡೆಯುವುದಲ್ಲ, ಗಾಬರಿಯಾಗಬೇಡಿ! ಬಲಗೈಯ ನಡುಬೆರಳನ್ನು ಮಡಚಿ, ಅದರ ಗಿಣ್ಣಿನಿಂದ ಟಕ್ ಟಕ್ ಎಂದು ಎರಡೇ ಎರಡು ಸಲ ಬಡಿದು, ಕಿವಿಯನ್ನು ಹತ್ತಿರ ತಂದು, ಕಣ್ಣು ಮುಚ್ಚಿ ಕೇಳುತ್ತಾನೆ. ಆಮೇಲೆ ತೀರ್ಪು. ತೀರ್ಪುಗಳೂ ಎರಡೇ. ಒಂದು 'ಗಟ್ಟಿ', ಇನ್ನೊಂದು 'ಟೊಳ್ಳು'. ಕಲ್ಲಂಗಡಿಗೆ, ತೆಂಗಿನಕಾಯಿಗೆ, ಹೊಸ ಬಾಗಿಲಿಗೆ ಇದು ಸರಿ. ಆದರೆ ಓಟು ಕೇಳಲು ಬಂದವರ ಜೀಪನ್ನೂ ಬಡಿದು, ಅವರ ಎದುರಿಗೇ 'ಟೊಳ್ಳು' ಎಂದು ಹೇಳಿ ಒಳಗೆ ಹೋಗುವವನಿಗೆ ಏನನ್ನಬೇಕು?

ಕನ್ಯೆ ನೋಡಲು ಹಳಿಯಾಳದ ಕಡೆ ಹೋದಾಗ ಹುಡುಗಿಯ ಮುಖ ನೋಡುವ ಮೊದಲೇ ಆ ಮನೆಯ ಹೊಸ್ತಿಲು ಬಡಿದು, "ಸಾಗವಾನಿ. ಗಟ್ಟಿ" ಎಂದು ಒಪ್ಪಿಗೆ ಕೊಟ್ಟು ಬಂದವನಂತೆ ಇವನು! ಮಾಮಿ ಇಂದಿಗೂ ಬಂದವರ ಮುಂದೆ ಹೇಳುತ್ತಾಳೆ: "ಇವ್ರು ಲಗ್ನ ಆಗಿದ್ದು ನಮ್ಮ ಹೊಸ್ತಲಾನ ರೀ. ನಾ ಸುಮ್ಮನ ಅದರ ಜೋಡಿ ಬಂದಾಕಿ."

ಇದಕ್ಕೆಲ್ಲ ಕಾರಣ ಅವನ ನೌಕರಿ. ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಆಯುಷ್ಯವೆಲ್ಲ ದಿಮ್ಮಿ ಅಳೆದವನು. ನಡುವೆ ಎರಡು ವರ್ಷ ಗೋವಾ ಗಡಿಯ ಅನಮೋಡದ ಚೆಕ್‌ಪೋಸ್ಟಿನಲ್ಲಿ ಲಾರಿ ತಡೆದವನು. ನಿವೃತ್ತನಾಗಿ ಎಂಟು ವರ್ಷವಾದರೂ ಅಳತೆಯ ಟೇಪು ಅಂಗಿಯ ಕಿಸೆಯಿಂದ ಇಳಿದಿಲ್ಲ. ನಮ್ಮ ಮನೆಯವರು ಅಳಿಯನಾಗಿ ಮೊದಲ ಸಲ ಕಾಲಿಗೆ ನಮಸ್ಕರಿಸಲು ಬಗ್ಗಿದಾಗ ಮಾಮಾ ಆಶೀರ್ವಾದ ಮಾಡುವುದು ಬಿಟ್ಟು ಅವರ ಸೊಂಟಕ್ಕೆ ಟೇಪು ಸುತ್ತಿದ್ದ. ಪ್ರತಿ ದೀಪಾವಳಿಗೂ ಅಳೆದು, "ಬೆಳವಣಿಗಿ ಚಲೋ ಐತಿ, ಸುತ್ತಳತಿ ಏರೇತಿ" ಎನ್ನುತ್ತಾನೆ. ಪಾಪ, ನಮ್ಮವರು ದೀಪಾವಳಿ ಹತ್ತಿರ ಬಂತೆಂದರೆ ಉಸಿರು ಒಳಗೆಳೆದುಕೊಂಡು ಓಡಾಡುತ್ತಾರೆ.

ನೌಕರಿ ಸಿಕ್ಕ ಹೊಸದರಲ್ಲಿ ಮಾಮಾ ನಮ್ಮ ಮನೆಯಲ್ಲೇ ಇದ್ದ. ನಮ್ಮವ್ವ ಅವನಿಗೆ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಬೆಳೆಸಿದವಳೂ ಅವಳೇ. ಬೆಳಗಿನ ಆರಕ್ಕೆ ಅವನು ಸೈಕಲ್ ಏರಬೇಕಾದರೆ ಎಂಟು ರೊಟ್ಟಿ ಹೊಟ್ಟೆಯಲ್ಲಿರಬೇಕಿತ್ತು. ಒಂದೊಂದು ರೊಟ್ಟಿಯನ್ನೂ ತಟ್ಟೆಯಲ್ಲಿ ಟಕ್ ಟಕ್ ಎಂದು ಬಡಿದು, 'ಗಟ್ಟಿ' ಎಂದು ತೀರ್ಪು ಕೊಟ್ಟು ತಿನ್ನುತ್ತಿದ್ದ. ಅವ್ವ ಒಲೆಯ ಮುಂದಿನಿಂದಲೇ ಬೈಯುತ್ತಿದ್ದಳು: "ನಾ ಬಡಿದದ್ದು ಸಾಲದು ಅಂತ ತಾಟಿನ್ಯಾಗ ಇವ ಮತ್ತ ಬಡಿತಾನ. ಆ ರೊಟ್ಟಿ ಏನ್ ಪಾಪ ಮಾಡಿತ್ತೋ!" ಅವ್ವ ತೀರಿಕೊಂಡು ಆರು ವರ್ಷವಾಯಿತು. ಆ ಮಾತನ್ನು ಮಾಮಾ ಈಗಲೂ ಅವಳ ದನಿಯಲ್ಲೇ ಅಂದು ತೋರಿಸಿ ನಗಿಸುತ್ತಾನೆ.

ಇಂಥವನ ಕೈಗೆ ನನ್ನ ಮಗಳ ನಾಷ್ಟಾದ ಪ್ರಶ್ನೆ ಹೋಗಿ ಬಿದ್ದಿತು!

ಮಗಳು ಸಿರಿ, ಆರು ವರ್ಷ, ಒಂದನೆಯ ಇಯತ್ತೆ. ಬೇರೆ ಎಲ್ಲದರಲ್ಲೂ ಬಂಗಾರದಂಥ ಹುಡುಗಿ. ಬೆಳಿಗ್ಗೆ ಉಪ್ಪಿಟ್ಟಿನ ಬಟ್ಟಲು ಕಂಡಳೋ, ಬಾಯಿಗೆ ಬೀಗ. ನಾನು ಬಟ್ಟಲು ಹಿಡಿದು ಮನೆಯ ಸುತ್ತ ಮೂರು ಪ್ರದಕ್ಷಿಣೆ ಹಾಕುತ್ತಿದ್ದೆ. ಅಷ್ಟು ಪ್ರದಕ್ಷಿಣೆ ದೇವರಿಗೆ ಹಾಕಿದ್ದರೆ ಇಷ್ಟು ಹೊತ್ತಿಗೆ ನಾನು ಹೆಡ್‌ಮಿಸ್ ಆಗುತ್ತಿದ್ದೆ! ಮೊದಮೊದಲು ಕಾಗೆ ತೋರಿಸಿದೆ. ಕಾಗೆ ಹಳೆಯದಾದಾಗ ಹಿತ್ತಲಿನ ಆಲದ ಮರಕ್ಕೆ ಬರುವ ಮಂಗಟ್ಟೆ ಹಕ್ಕಿ ತೋರಿಸಿದೆ. ಎಲ್ಲೆಲ್ಲಿಂದಲೋ ಜನ ಮಾರುದ್ದದ ಕ್ಯಾಮೆರಾ ಹೊತ್ತು ಆ ಹಕ್ಕಿ ನೋಡಲು ಇಲ್ಲಿಗೆ ಬರುತ್ತಾರೆ. ನಮ್ಮ ಮನೆಯಲ್ಲಿ ಅದರ ಬೆಲೆ ಒಂದು ತುತ್ತು ಉಪ್ಪಿಟ್ಟು! ಆಮೇಲೆ ಮೊಬೈಲ್ ಬಂತು. ಅದರಲ್ಲಿ ಬಣ್ಣದ ಕರಡಿಯೊಂದು ಕುಣಿಯುವಾಗ ಬಾಯಿ ತಾನಾಗಿ ತೆರೆಯುತ್ತಿತ್ತು. ಕರಡಿ ನಿಂತರೆ ಬಾಯಿ ಬಂದ್. ಆಮೇಲೆ ತುತ್ತಿಗೊಂದು ಚಾಕಲೇಟು. ಕಡೆಕಡೆಗೆ ಕ್ರೀಮ್ ಬಿಸ್ಕೀಟು. ಅದರಲ್ಲೂ ಕ್ರೀಮ್ ನೆಕ್ಕಿ ಬಿಸ್ಕೀಟು ನನ್ನ ಕೈಗೆ ವಾಪಸ್.

ಒಂದು ದಿನ ನನ್ನ ಮಗಳು ಸೋಫಾದ ಮೇಲೆ ಕಾಲು ಮೇಲೆ ಕಾಲು ಹಾಕಿ ಕುಳಿತು ಕೇಳಿದಳು: "ಮಮ್ಮಿ, ನಾ ನಾಲ್ಕು ತುತ್ತು ತಿಂದ್ರ ನೀ ಏನ್ ಕೊಡ್ತಿ?"

ತಿನ್ನುವುದು ಅವಳ ಹೊಟ್ಟೆಗೆ, ಅದು ನನಗೆ ಮಾಡುವ ಉಪಕಾರ! ಅದೇ ವಾರ ಶಾಲೆಯ ಡೈರಿಯಲ್ಲಿ ಟೀಚರು ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರು: 'ಎರಡನೆಯ ಪಿರಿಯಡ್ಡಿಗೆ ಬೆಂಚಿಗೆ ತಲೆ ಹಚ್ಚಿ ಮಲಗುತ್ತಾಳೆ. ಹೊಟ್ಟೆನೋವು ಎನ್ನುತ್ತಾಳೆ. ದಯವಿಟ್ಟು ನಾಷ್ಟಾ ಮಾಡಿಸಿ ಕಳಿಸಿ.' ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸಿತು. ಯಾಕೆಂದರೆ ನಾನು ಯಾರು? ಹೈಸ್ಕೂಲಿನಲ್ಲಿ ಸಮತೋಲನ ಆಹಾರದ ಪಾಠವನ್ನು ಚಿತ್ರ ಬಿಡಿಸಿ ಕಲಿಸುವ ವಿಜ್ಞಾನದ ಟೀಚರು!

ಮರುದಿನ ಬೆಳಿಗ್ಗೆ ನಾನು ಬಟ್ಟಲು ಹಿಡಿದು ಎರಡನೆಯ ಪ್ರದಕ್ಷಿಣೆಯಲ್ಲಿದ್ದಾಗ ಮಾಮಾ ಬಂದ. ಅವನ ಮನೆ ಹಿಂದಿನ ಓಣಿಯಲ್ಲೇ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ ಪೂರ್ತಿ ಆಟ ನೋಡಿದ. ಆಮೇಲೆ ಸಿರಿಯನ್ನು ಹತ್ತಿರ ಕರೆದು, ಅವಳ ಪುಟ್ಟ ಹೊಟ್ಟೆಯನ್ನು ಟಕ್ ಟಕ್ ಎಂದು ಬಡಿದು ಕಿವಿಗೊಟ್ಟ.

"ಟೊಳ್ಳು" ಎಂದ.

"ಅದು ನನಗೂ ಗೊತ್ತೈತಿ ಮಾಮಾ!" ಎಂದೆ ನಾನು, ಅಳುವುದೊಂದು ಬಾಕಿ.

"ಗಿರಾಕಿದು ತಪ್ಪಿಲ್ಲ. ನಿನಗ ಡಿಪೋ ನಡಸಾಕ ಬರೂದಿಲ್ಲ" ಎಂದ. ಆ ಗಳಿಗೆಯಿಂದ ನನ್ನ ಮಗಳ ಹೆಸರು ಗಿರಾಕಿ!

ಡಿಪೋದ ರೀತಿಯನ್ನು ಅವನು ವಿವರಿಸಿದ. ಅಲ್ಲಿ ಹರಾಜಿನ ದಿನ ದಿಮ್ಮಿಗಳನ್ನು ಗುಂಪು ಮಾಡಿ, ಒಂದೊಂದು ಗುಂಪೂ ಒಂದೊಂದು ಲಾಟು ಎಂದು ಸಾಲಾಗಿ ಇಟ್ಟಿರುತ್ತಾರೆ. ಕೊಳ್ಳುವವರು ಬರುತ್ತಾರೆ, ಸುತ್ತುತ್ತಾರೆ, ಮುಟ್ಟುತ್ತಾರೆ, ಬಡಿಯುತ್ತಾರೆ. ಡಿಪೋದವರು ತುಟಿ ಬಿಚ್ಚುವಂತಿಲ್ಲ. "ನಾ ಯಾರದರ ಬೆನ್ನ ಹತ್ತಿ 'ಅಣ್ಣಾ, ಈ ಸಾಗವಾನಿ ತಗೋರಿ, ಭಾಳ ಚಲೋ ಐತಿ' ಅಂತ ಅಂದ್ನೆಪಾ ಅಂದ್ರ, ಅಂವಾ ಏನ್ ತಿಳಕೋತಾನ? ಒಳಗ ಹುಳಾ ಹಿಡದೈತಿ, ಅದಕ್ಕ ಹಿಂಗ ಗಂಟ ಬಿದ್ದಾನ ಅಂತಾನ. ನೀ ಉಪ್ಪಿಟ್ಟು ಹಿಡಕೊಂಡು ಓಡ್ತಿ, ಕೈಯಾಗ ಮತ್ತ ಚಾಕಲೇಟ್ ಬ್ಯಾರೆ. ಆಕಿ ಶಾಣ್ಯಾ ಹುಡಗಿ. ಉಪ್ಪಿಟ್ಟಿನ್ಯಾಗ ಏನೋ ಖೋಟ ಐತಿ ಅಂತ ತಿಳದಾಳ."

"ಹಂಗಂದ್ರ ಬಿಟ್ಟು ಬಿಡಲೇನು? ಉಪವಾಸ ಹೋಗಲೇನು?"

"ಮಂಗಟ್ಟಿ ಗಂಡು ಸೈತ ಮರಿಗೆ ಎಷ್ಟ ದಿನ ಬಾಯಾಗ ಹಣ್ಣ ಇಡ್ತೈತಿ? ಒಂದಿನ ಆ ಮರಿನೂ ಪೊಟರಿ ಬಿಟ್ಟು ಹಾರ್ತೈತಿ. ನಿನ್ನ ಮರಿಗೆ ಆರು ವರ್ಷ ಆತು. ನಾಳಿಂದ ಏಳೂವರಿಗೆ ಹರಾಜು. ನಾ ಬರ್ತೇನಿ."

ಬಂದೇ ಬಂದ. ಮಾಮಿ ಹಿಂದಿನಿಂದ ಫೋನ್ ಮಾಡಿ, "ಅವ್ವಾ, ಇವ್ರನ್ನ ದಿನಾ ಒಂದ ತಾಸು ಅಲ್ಲೇ ಇಟಗೋ. ನಮ್ಮ ಮನ್ಯಾಗ ಬಡಿಯಾಕ ಏನೂ ಉಳದಿಲ್ಲ" ಎಂದು ಧನ್ಯವಾದ ಹೇಳಿದಳು.

ಮಾಮಾ ಪಡಸಾಲೆಯಲ್ಲಿ ಚಾಪೆ ಹಾಸಿದ. ತಟ್ಟೆ ಇಟ್ಟ. ನಿಯಮ ಸಾರಿದ. ಏಳೂವರೆಗೆ ಮಾಲು ಸಾಲಿನಲ್ಲಿ. ಎಂಟಕ್ಕೆ ಪೇಪರ್ ಮಿಲ್ಲಿನ ಭೋಂಗಾ ಕೂಗಿದೊಡನೆ ಹರಾಜು ಬಂದ್, ತಟ್ಟೆ ಎತ್ತುವುದು. ಉಳಿದದ್ದಕ್ಕೆ ಬೈಗುಳವಿಲ್ಲ, ತಿಂದದ್ದಕ್ಕೆ ಬಹುಮಾನವಿಲ್ಲ. ಮೊಬೈಲ್ ಬೀರುವಿನಲ್ಲಿ. ಗಿರಾಕಿ ಮುಟ್ಟಬಹುದು, ಮೂಸಬಹುದು, ಬಡಿಯಬಹುದು, ಹಾಗೇ ಬಿಡಬಹುದು. ತಿನ್ನುವಾಗ ಯಾರೂ ಅವಳ ಮುಖ ನೋಡಬಾರದು. ಮತ್ತು ಎಲ್ಲಕ್ಕಿಂತ ದೊಡ್ಡ ನಿಯಮ: 'ತಿನ್ನು' ಎಂಬ ಶಬ್ದ ಬಾಯಿಂದ ಬಂದರೆ ಕಿವಿ ಹಿಡಿದು ಹತ್ತು ಬಸ್ಕಿ. ಅಂದವರು ಯಾರೇ ಇರಲಿ!

"ಭೇಷ್ ಅನಬಹುದೇನ್ರಿ ಮಾಮಾರ?" ಎಂದು ನಮ್ಮವರು ಅಂಜುತ್ತ ಕೇಳಿದರು.

"ಅದಕ್ಕ ಐದು."

ತಟ್ಟೆಗಳನ್ನು ನೋಡಿದೆ. ನಾಲ್ಕು ಇದ್ದವು. ಉಣ್ಣುವವರು ಮೂವರು: ಮಾಮಾ, ಅಂಬಿಕಾನಗರಕ್ಕೆ ನೌಕರಿಗೆ ಹೊರಡುವ ನಮ್ಮವರು, ಸಿರಿ. ನಾನಂತೂ ಒಲೆಯ ಹತ್ತಿರ. "ಮಾಮಾ, ಒಂದು ತಾಟು ಜಾಸ್ತಿ ಇಟ್ಟಿ" ಎಂದೆ. "ಇರಲಿ ಬಿಡು. ಒಬ್ಬ ಗಿರಾಕಿ ಇನ್ನೂ ಬಂದಿಲ್ಲ" ಎಂದ. ವಯಸ್ಸಾಯಿತಲ್ಲ, ಮರೆವು ಎಂದುಕೊಂಡೆ. ಅದನ್ನು ಎತ್ತಿ ಒಳಗಿಟ್ಟೆ. ಮರುದಿನ ಮತ್ತೆ ನಾಲ್ಕು. ಅದರ ಮರುದಿನವೂ ನಾಲ್ಕೇ. ಎತ್ತಿಡುವುದು ನನಗೂ ರೂಢಿಯಾಯಿತು.

ಮೊದಲ ದಿನದ ಹರಾಜಿನಲ್ಲಿ ಸಿರಿ ಅವಲಕ್ಕಿಯನ್ನು ಬೆರಳಿಂದ ಗುಡ್ಡ ಮಾಡಿದಳು, ಗುಡ್ಡಕ್ಕೆ ದಾರಿ ಮಾಡಿದಳು, ಶೇಂಗಾ ಕಾಳುಗಳನ್ನು ದಾರಿಯ ಮೇಲೆ ಓಡಿಸಿದಳು. ನಾವು ಮೂವರೂ ಅತ್ತ ಮುಖ ಮಾಡಿದೆವು. ಮಾಮಾ ಫ್ಯಾನ್ ನೋಡಿದ, ನಮ್ಮವರು ಕ್ಯಾಲೆಂಡರ್ ನೋಡಿದರು, ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಗೋಡೆ ನೋಡಿದೆ. ಏಳು ಐವತ್ತಕ್ಕೆ ನನ್ನಿಂದ ತಡೆಯಲಾಗಲಿಲ್ಲ. "ಒಂದಾದ್ರೂ ತುತ್ತು ತಿನ್ನು!" ಎಂದುಬಿಟ್ಟೆ.

"ಹತ್ತು" ಎಂದ ಮಾಮಾ, ಫ್ಯಾನಿನಿಂದ ಕಣ್ಣು ತೆಗೆಯದೆ.

ಆ ದಿನ ಒಟ್ಟು ಐವತ್ತು ಬಸ್ಕಿ ಹೊಡೆದೆ! ಸಿರಿ ಕೂತು ಎಣಿಸಿದಳು. ಅವಳಿಗೆ ನೂರರ ತನಕ ಎಣಿಕೆ ಸರಿಯಾಗಿ ಬಂದದ್ದೇ ನನ್ನ ಬಸ್ಕಿಯಿಂದ. ಎಂಟಕ್ಕೆ ಭೋಂಗಾ ಆಯಿತು, ಮಾಮಾ ತುಂಬಿದ ತಟ್ಟೆಯನ್ನು ನಗುನಗುತ್ತ ಎತ್ತಿದ. "ಡಬ್ಬಿಯಾಗ ಚಪಾತಿ, ಬಾಳಿಹಣ್ಣು ಅದಾವಿಲ್ಲೋ? ಹಸದ್ರ ತಗೋತಾಳ. ಅಳಬ್ಯಾಡ ನೀ." ನಾನು ಶಾಲೆಯ ಮೆಟ್ಟಿಲನ್ನು ಕಂಬ ಹಿಡಿದು ಹತ್ತಿದೆ. "ಏನಾತ್ರೀ ಟೀಚರ್, ಬಿದ್ರೇನು?" ಎಂದು ಹೆಡ್‌ಮಿಸ್ ಕೇಳಿದರು. "ಇಲ್ರಿ, ಮಗಳು ನಾಷ್ಟಾ ಮಾಡ್ಲಿಲ್ಲ" ಎಂದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು.

ಎರಡನೆಯ ದಿನ ನಾನು ಜಾಣೆಯಾದೆ. ಬಾಯಿ ಬಿಡದೆ ಕೈಸನ್ನೆ ಮಾಡಿದೆ. ಐದು ಬಸ್ಕಿ! ನಮ್ಮವರು ಬೆಳೆದದ್ದು ಜೋಯಿಡಾದಲ್ಲಿ. ಕೊಂಕಣಿಯಲ್ಲಿ ಮೆಲ್ಲಗೆ, "ಖಾ ಬಾಳಾ" ಎಂದರು. ಎರಡು ವರ್ಷ ಅನಮೋಡದಲ್ಲಿ ಕಳೆದವನಿಗೆ ಕೊಂಕಣಿ ತಿಳಿಯದೇ? ಹತ್ತು! ಬೆಲ್ಟು ಸಡಿಲಿಸಿಕೊಂಡು ಅವರು ಬಸ್ಕಿ ಹೊಡೆಯುವುದನ್ನು ನೋಡುವುದೇ ಒಂದು ಆನಂದ. ಆ ತಿಂಗಳು ಅವರ ಸುತ್ತಳತೆ ಇಳಿಯಿತು ಎಂಬುದನ್ನು ಮಾತ್ರ ನಾನು ಒಪ್ಪಲೇಬೇಕು.

ನಾಲ್ಕನೆಯ ದಿನ ತಾಳಿಪಟ್ಟಿ ಮಾಡಿದ್ದೆ. ಮಾಮಾ ತನ್ನದನ್ನು ಟಕ್ ಟಕ್ ಬಡಿದು, ಕಿವಿಗೊಟ್ಟು, ತಲೆಯಾಡಿಸಿ ತಿನ್ನತೊಡಗಿದ. ಸಿರಿ ನೋಡಿದಳು. ತನ್ನ ತಟ್ಟೆಗೆ ಬಗ್ಗಿ ಅವಳೂ ಟಕ್ ಟಕ್ ಎಂದಳು.

"ಅಜ್ಜಾ, ಇದು ಗಟ್ಟಿ ಐತೋ ಟೊಳ್ಳೋ?"

"ನನಗೇನ್ ಗೊತ್ತು? ನಿನ್ನ ಲಾಟು, ನೀ ನೋಡಬೇಕು."

"ಮ್ಯಾಲೆ ಗಟ್ಟಿ ಐತಿ. ಒಳಗ?"

"ಒಳಗಿಂದು ಮುರದ್ರನ ತಿಳೀತೈತಿ."

ಅವಳು ಮುರಿದಳು. ಮೂಸಿದಳು. ಒಂದು ಚೂರನ್ನು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಥೇಟ್ ಮಾಮಾನ ಹಾಗೆ ತಲೆ ಓರೆ ಮಾಡಿ ಕೂತಳು. 'ಭೇಷ್' ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸೆರಗು ಬಾಯಿಗೆ ತುರುಕಿಕೊಂಡೆ! ಸಿರಿ ಇನ್ನೊಂದು ಚೂರು ಮುರಿದಳು. ಮತ್ತೊಂದು. ಭೋಂಗಾ ಆಗುವ ಹೊತ್ತಿಗೆ ಅರ್ಧ ತಾಳಿಪಟ್ಟಿ ಖಾಲಿ. ಮಾಮಾ ಏನೂ ಆಗಿಲ್ಲ ಎಂಬಂತೆ ಕೈ ತೊಳೆಯಲು ಹೋದ. ನಾನು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ ನಿಂತು ಒಂದು ಸಲ ಕುಣಿದು ಬಂದೆ.

ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಎರಡು ವಾರದ ಮೇಲೆ ಮತ್ತೆ ತಟ್ಟೆ ತುಂಬಿದ್ದು ತುಂಬಿದಂತೆ ಉಳಿಯತೊಡಗಿತು. ಮಾಮಾ ಗಿರಾಕಿಯ ಹೊಟ್ಟೆ ಬಡಿದು ನೋಡಿದ. "ಟೊಳ್ಳು ಅಲ್ಲ, ಗಟ್ಟಿನೂ ಅಲ್ಲ. ಒಳಗ ಬ್ಯಾರೆ ಮಾಲು ಐತಿ" ಎಂದ. ಅವನ ಚೆಕ್‌ಪೋಸ್ಟಿನ ರಕ್ತ ಕುದಿಯಿತು. "ಕಳ್ಳಸಾಗಾಟ!" ಎಂದು ಗುಡುಗಿ, ಬಾಗಿಲಿಗೆ ಅಡ್ಡಲಾಗಿ ಕೊಡೆ ಹಿಡಿದು ಗೇಟು ಮಾಡಿದ. ಶಾಲೆಯ ಚೀಲ ತೆರೆಸಿದ. ನೀರಿನ ಬಾಟಲಿ ಅಲುಗಿಸಿದ. ಕಂಪಾಸ್ ಪೆಟ್ಟಿಗೆಯೊಳಗೆ ರಬ್ಬರಿನ ಕೆಳಗೆ ನಾಲ್ಕು ಚಾಕಲೇಟು ಸಿಕ್ಕವು!

"ಯಾರು ಕೊಟ್ಟಾರ?"

ನಮ್ಮವರು ತಮ್ಮ ಮೇಲೇ ಬರುತ್ತದೆ ಎಂದು ಮೊದಲೇ ಕಿವಿ ಹಿಡಿದುಕೊಂಡರು. ಆದರೆ ಮಾಮಾ ಚಾಕಲೇಟಿನ ಕಾಗದ ಮೂಸಿ, "ಇದಕ್ಕ ಒಗ್ಗರಣಿ ವಾಸನಿ ಐತಿ. ಅಡಗಿ ಮನ್ಯಾಗಿಂದ ಬಂದ ಮಾಲು" ಎಂದು ನನ್ನ ಕಡೆ ತಿರುಗಿದ.

ಏನು ಮಾಡಲಿ, ತಾಯಿಯ ಕರುಳು! ಬರೀ ಅರ್ಧ ದೋಸೆ ತಿಂದು ಹೋಗುತ್ತಾಳಲ್ಲ ಎಂದು ಏಳು ಗಂಟೆಗೆ, ಮಾಮಾ ಬರುವ ಮೊದಲು, ಬಾಗಿಲ ಹಿಂದೆ ನಾನೇ ಕೊಡುತ್ತಿದ್ದೆ. ಮಾಮಾ ಬೈಯಲಿಲ್ಲ. ಮಾಲು ಜಪ್ತಿ ಮಾಡಿ ಬೀರುವಿನ ಮೇಲಿಟ್ಟ. ಭಾನುವಾರ ಬಂತು. ಎಲ್ಲರ ತಟ್ಟೆಯಲ್ಲೂ ಉಪ್ಪಿಟ್ಟು, ಪಕ್ಕದಲ್ಲಿ ಜೋಯಿಡಾದ ಸಂತೆಯಿಂದ ಅವನೇ ತಂದು ಕುದಿಸಿದ ಗೆಣಸು, ಅದರ ಪಕ್ಕದಲ್ಲಿ ಒಂದೊಂದು ಚಾಕಲೇಟು!

"ಮಾಮಾ! ನೀನ ಕೊಡ್ತಿಯಾ?"

"ಬಹುಮಾನ ಅಂತ ಕೊಟ್ರ ಅದು ತುಟ್ಟಿ ಬೀಟಿ ಕಟಗಿ ಆಕ್ಕೈತಿ, ಎಲ್ಲಾರೂ ಅದಕ್ಕ ಬಡದಾಡ್ತಾರ. ಸಾಲಿನ್ಯಾಗ ಇಟ್ಟು ಬಿಡು, ಅದೂ ಒಂದು ಕಟಗಿ."

ಸಿರಿ ಮೊದಲು ಚಾಕಲೇಟನ್ನೇ ತಿಂದಳು ಎಂಬುದು ನಿಜ. ಆಮೇಲೆ ನಾಲಿಗೆ ಸವರಿಕೊಂಡು, ಬೇರೇನೂ ಮಾಡಲು ಉಳಿಯದೆ, ಗೆಣಸು ತಿಂದಳು. ಆಮೇಲೆ ಉಪ್ಪಿಟ್ಟನ್ನೂ ತಿಂದಳು. ಮುಂದಿನ ಭಾನುವಾರ ಚಾಕಲೇಟನ್ನು ಅರ್ಧ ಬಿಟ್ಟಳು. ನನಗೆ ಮಾಮಾನ ಮೇಲೆ ಸಿಟ್ಟೇ ಬಂತು! ಪುಸ್ತಕ ಓದಿ ಪಾಠ ಮಾಡುವವಳು ನಾನು, ಗೆಲ್ಲುವವನು ದಿಮ್ಮಿ ಅಳೆದವನೇ?

ಡೈರಿಯಲ್ಲಿ ಕೆಂಪು ಶಾಯಿ ನಿಂತು ತಿಂಗಳಾಯಿತು. ಎರಡನೆಯ ಪಿರಿಯಡ್ಡಿನ ನಿದ್ದೆಯೂ ನಿಂತಿತು. ಅಷ್ಟರಲ್ಲಿ ಸಿರಿಯ ಕ್ಲಾಸ್ ಟೀಚರಿಂದ ಫೋನು. ಹೆದರುತ್ತ ಎತ್ತಿದೆ.

"ನಿಮ್ಮ ಮಗಳು ಎಲ್ಲಾ ಹುಡುಗರ ಡಬ್ಬಿ ಬಡದು ನೋಡ್ತಾಳ್ರಿ" ಎಂದರು.

"ಸಾರಿ ರೀ ಟೀಚರ್."

"ಅದು ಹೋಗ್ಲಿ ಬಿಡ್ರಿ. ನಿನ್ನೆ ನನ್ನ ಹೊಟ್ಟಿ ಬಡದು, 'ಟೀಚರ್, ಟೊಳ್ಳು! ನೀವು ನಾಷ್ಟಾ ಮಾಡಿಲ್ಲ' ಅಂದ್ಲು."

"ಅಯ್ಯೋ! ಮತ್ತ ನೀವೇನಂದ್ರಿ?"

"ಖರೇನ ಮಾಡಿದ್ದಿಲ್ರಿ" ಎಂದು ನಕ್ಕುಬಿಟ್ಟರು. ನಾನೂ ನಕ್ಕೆ. ಇಬ್ಬರೂ ಒಳ್ಳೆ ಜೋಕು ಕೇಳಿದವರಂತೆ ನಕ್ಕು ಫೋನಿಟ್ಟೆವು. ನನ್ನ ಹೊಟ್ಟೆಯೊಳಗೆ ಆಗ ಬೆಳಗಿನ ಅರ್ಧ ಕಪ್ ಚಹಾ ಬಿಟ್ಟರೆ ಏನೂ ಇರಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ, ನೋಡಿ!

ಸಿರಿಗೆ ಏಳು ತುಂಬಿದ ದಿನ. ಆಕೆಗೆ ಇಷ್ಟವೆಂದು ದೋಸೆ, ಕಾಯಿಚಟ್ನಿ, ಆಲೂಗಡ್ಡೆ ಪಲ್ಯ. ಮಾಮಾ ಹೊಸ ಟೇಪು ಉಡುಗೊರೆ ತಂದಿದ್ದ, ಅವಳಿಗೇ ಅಂತ ಸಣ್ಣದು. ಏಳೂವರೆಗೆ ಚಾಪೆ ಹಾಸಿ, ನಾಲ್ಕು ತಟ್ಟೆ ಇಟ್ಟು, ನಮ್ಮವರೂ ಅವನೂ ಕೂತರು. ಗಿರಾಕಿ ಬರಲಿಲ್ಲ.

ತಿರುಗಿ ನೋಡಿದರೆ ಸಿರಿ ಅಡಿಗೆಮನೆಯಲ್ಲಿ ನನ್ನ ಪಕ್ಕದಲ್ಲೇ ಇದ್ದಾಳೆ. ಕಟ್ಟೆಗೆ ಒರಗಿ, ಒಂದು ಕಾಲು ಮಡಚಿ, ಕೈಯಲ್ಲಿ ಹಾಲಿನ ಲೋಟ. ಗುಟುಕರಿಸುತ್ತ ಗಡಿಯಾರ ನೋಡುತ್ತಿದ್ದಾಳೆ. ನಾನು ದಿನವೂ ಚಹಾ ಹಿಡಿದು ನಿಲ್ಲುವ ರೀತಿ ಅದೇ, ಅಕ್ಷರಶಃ ಅದೇ!

"ಗಿರಾಕಿ, ಬರೂದಿಲ್ಲೇನು?" ಎಂದ ಮಾಮಾ.

"ಇಲ್ಲ ಅಜ್ಜಾ. ನಾ ಇವತ್ತಿಂದ ದೊಡ್ಡಾಕಿ. ದೊಡ್ಡಾಕೇರು ನಾಷ್ಟಾ ಮಾಡೂದಿಲ್ಲ. ನಿಂತು ಚಾ ಕುಡೀತಾರ, ಮಮ್ಮಿ ಗತೆ."

ಹಂಚಿನ ಮೇಲೆ ದೋಸೆ ಹೊತ್ತಿತು. ನಾನು ತಿರುವಿ ಹಾಕಲಿಲ್ಲ.

ಮೂರು ತಿಂಗಳು! ಮೂರು ತಿಂಗಳು ನಾನು ಅವಳ ಬಾಯಿ ನೋಡಿದ್ದೆ, ತಟ್ಟೆ ನೋಡಿದ್ದೆ, ಕಂಪಾಸ್ ಪೆಟ್ಟಿಗೆ ನೋಡಿದ್ದೆ. ಅಷ್ಟೂ ದಿನ ಅವಳು ನನ್ನನ್ನು ನೋಡಿದ್ದಳು. ಮಕ್ಕಳಿಗೆ ಹೇಳಿದ್ದು ಕಿವಿಗೆ ಹೋಗುವುದಿಲ್ಲ, ಮಾಡಿದ್ದು ಕಣ್ಣಿಗೆ ಹೋಗುತ್ತದೆ ಎಂದು ಪಾಲಕರ ಸಭೆಯಲ್ಲಿ ಭಾಷಣ ಮಾಡುವವಳೂ ನಾನೇ.

ಮಾಮಾ ಎದ್ದ. ಒಳಗೆ ಬಂದು ಒಲೆ ಆರಿಸಿದ. ನನ್ನ ಕೈಯ ಸೌಟು ತೆಗೆದು ಬದಿಗಿಟ್ಟು, ರಟ್ಟೆ ಹಿಡಿದು ಚಾಪೆಗೆ ಕರೆತಂದು, ನಾಲ್ಕನೆಯ ತಟ್ಟೆಯ ಮುಂದೆ ಕೂರಿಸಿದ. ಎರಡು ದೋಸೆ ಹಾಕಿದ, ಪಲ್ಯ ಹಾಕಿದ, ಚಟ್ನಿ ಹಾಕಿದ. ಎದುರಿಗೆ ಕೂತು ನನ್ನ ಮುಖವನ್ನೇ ನೋಡಿದ. ಮುಖ ನೋಡಬಾರದೆಂಬ ನಿಯಮ ಅವನದೇ. ಆಮೇಲೆ ಬಾಯಿ ತೆರೆದು ಮೆಲ್ಲಗೆ ಹೇಳಿದ:

"ತಿನ್ನವ್ವಾ."

"ಅಜ್ಜಾ!" ಸಿರಿ ಹಾಲಿನ ಲೋಟ ಬಿಟ್ಟು ಓಡಿಬಂದಳು. "ಅಂದಿ! ಅಂದಿ! ಹತ್ತು!"

"ಹೌದವಾ, ಹತ್ತು" ಎಂದು ಮಾಮಾ ಎದ್ದು ನಿಂತ. ಅರವತ್ತೆಂಟರ ಮುದುಕ! "ಬ್ಯಾಡ ಮಾಮಾ, ಮೊಣಕಾಲು ನೋಯ್ತಾವ" ಎಂದು ನಾನು ಏಳಹೋದೆ. ನಮ್ಮವರೂ ಎದ್ದರು. ಅವನು ಯಾರ ಮಾತೂ ಕೇಳಲಿಲ್ಲ. ಎಡಗೈಯಲ್ಲಿ ಬಲಗಿವಿ, ಬಲಗೈಯಲ್ಲಿ ಎಡಗಿವಿ. ಸಿರಿ ಎಣಿಸತೊಡಗಿದಳು. ನಾಲ್ಕಕ್ಕೆ ಮೊಣಕಾಲು ಕಟ್ ಎಂದಿತು. ಏಳಕ್ಕೆ ಬಾಗಿಲ ಚೌಕಟ್ಟು ಹಿಡಿದ. ಹತ್ತಕ್ಕೆ ಸಿರಿ ಚಪ್ಪಾಳೆ ತಟ್ಟಿದಳು.

ಅವನು ನಿಲ್ಲಲಿಲ್ಲ. ಮತ್ತೆ ಕಿವಿ ಹಿಡಿದು ಹನ್ನೊಂದನೆಯದಕ್ಕೆ ಬಗ್ಗಿದ.

"ಹತ್ತ ಆತು ಅಜ್ಜಾ! ಸಾಕು!"

"ಇದು ಬ್ಯಾರೆ ಲಾಟು" ಎಂದ ಮಾಮಾ, ಏದುತ್ತ. "ಇದು ನಿಮ್ಮ ಅಜ್ಜಿದು, ನಮ್ಮ ಅಕ್ಕಂದು. ಐದು ವರ್ಷ ಆಕಿ ಕೈಯಾಗ ಎಂಟೆಂಟು ರೊಟ್ಟಿ ತಿಂದೆ. ರೊಟ್ಟಿ ಬಡದ ನೋಡಿದೆ. ಆಕಿಗೆ ಒಂದಿನಾನೂ 'ಅಕ್ಕಾ, ನೀನೂ ಕುಂದ್ರು, ನೀನೂ ತಿನ್ನು' ಅಂತ ಅನ್ನಲಿಲ್ಲ. ಅಂದಿದ್ರ ಕುಂದರ್ತಿದ್ದಳೇನೋ."

ಅವ್ವ ಒಲೆಯ ಮುಂದೆ ನಿಂತೇ, ಉಳಿದ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದುದು ನನಗೆ ನೆನಪಾಯಿತು. ನಾನು ಅವಳ ಪಕ್ಕ ನಿಂತು ನೋಡುತ್ತಿದ್ದೆ. ನನಗೂ ಆಗ ಆರೋ ಏಳೋ.

ಮೂರು ಬಸ್ಕಿಗೆ ಮಾಮಾ ನೆಲಕ್ಕೆ ಕೂತುಬಿಟ್ಟ. ನಾನು ದೋಸೆ ಮುರಿದೆ. ಸಿರಿ ಓಡಿಬಂದು ನನ್ನ ಪಕ್ಕ ಕೂತು, ನನ್ನ ಹೊಟ್ಟೆಯನ್ನು ಟಕ್ ಟಕ್ ಎಂದು ಬಡಿದು, ಕಿವಿ ಹಚ್ಚಿ, "ಮಮ್ಮಿ, ಟೊಳ್ಳು!" ಎಂದಳು. ಅಷ್ಟು ಹೇಳಿ ತನ್ನ ತಟ್ಟೆಯ ದೋಸೆ ತಾನೂ ಮುರಿದಳು.

"ಶ್! ಗಿರಾಕಿಗೆ ಏನೂ ಅನಬಾರ್ದು" ಎಂದ ಮಾಮಾ, ಇನ್ನೂ ಏದುತ್ತ. "ಎಲ್ಲಾರೂ ಆ ಕಡೆ ನೋಡ್ರಿ."

ಮಾಮಾ ಫ್ಯಾನ್ ನೋಡಿದ. ನಮ್ಮವರು ಕ್ಯಾಲೆಂಡರ್ ನೋಡಿದರು. ಸಿರಿ ಬಾಯಿತುಂಬ ದೋಸೆ ಇಟ್ಟುಕೊಂಡು ಗೋಡೆ ನೋಡಿದಳು. ಹಾಗಾಗಿ ನಾನು ಅತ್ತದ್ದು ಯಾರಿಗೂ ಕಾಣಲಿಲ್ಲ. ಎಂಟಕ್ಕೆ ಭೋಂಗಾ ಕೂಗಿತು. ಅಂದು ಯಾರೂ ತಟ್ಟೆ ಎತ್ತಲಿಲ್ಲ.